ಸೋತ ಯಂತ್ರಗಳನ್ನು ಕಾಯ್ದಿಡೋಣ

ನಮ್ಮ ಹಳ್ಳಿಗಳಲ್ಲಿ ಹಿರಿಯರೊಬ್ಬರನ್ನು 'ಟ್ರಾನ್ಸಿಸ್ಟರ್ ಎಂದರೇನು?' ಎಂದು ಕೇಳಿದರೆ ಅವರು ಚರ್ಮದ ಚೀಲ ತೊಟ್ಟ ಪುಟ್ಟ ರೇಡಿಯೋವನ್ನು ನೆನೆಯುವರು. ಹೆಗಲಿಗೆ ತೂಗುಹಾಕಿಕೊಂಡು ಹೊಲಕ್ಕೂ ಜಾತ್ರೆಗೂ ಒಯ್ಯಬಹುದಾಗಿದ್ದ ಆ ಪೆಟ್ಟಿಗೆಗೆ, ಅದರೊಳಗೆ ಅಡಗಿದ್ದ ಕಡಲೆಕಾಳಿನಷ್ಟು ದೊಡ್ಡದಾದ ಒಂದು ಬಿಡಿಭಾಗದ ಹೆಸರೇ ನಿಂತುಬಿಟ್ಟಿತು. ರೇಡಿಯೋದಲ್ಲಿ ಟ್ರಾನ್ಸಿಸ್ಟರು ಪಡೆದ ಜಯ ಅಷ್ಟು ಪೂರ್ಣವಾದದ್ದು. ಆದರೆ ಅದೇ ಟ್ರಾನ್ಸಿಸ್ಟರು ಟೆಲಿವಿಷನ್ ಪೆಟ್ಟಿಗೆಯೊಳಗೆ ಮೊದಲ ಸಲ ಕಾಲಿಟ್ಟಾಗ ಪಟ್ಟ ಪಾಡನ್ನು ಬಲ್ಲವರು ಕಡಿಮೆ.

1959ರಿಂದ 1962ರವರೆಗಿನ ಅವಧಿಯಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಟ್ರಾನ್ಸಿಸ್ಟರುಗಳಿಂದ ನಡೆಯುವ ಕೆಲವು ಬಗೆಯ ಟೆಲಿವಿಷನ್ ಸೆಟ್ಟುಗಳು ಅಂಗಡಿಗೆ ಬಂದವು. ಅವುಗಳಲ್ಲಿ ಮೊದಮೊದಲಿನವು ಜನರ ಮನೆಗಳಲ್ಲಿ ನೆಲೆಯೂರಲಿಲ್ಲ. ಬಂದಷ್ಟೇ ಬೇಗ ಮರೆಯಾದವು. ಇಂದು ಅವು ವಿರಳ ವಸ್ತುಗಳು. ಅವನ್ನು ಹುಡುಕಿ, ಹಣ ಕೊಟ್ಟು ಕೊಂಡು, ಜೋಪಾನ ಮಾಡುವ ಸಂಗ್ರಾಹಕರು ಉಂಟು. 'ಕೆಟ್ಟುಹೋದ ಹಳೆಯ ಪೆಟ್ಟಿಗೆಗೆ ಇಷ್ಟು ಆದರವೇಕೆ?' ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಈ ಸಂಗ್ರಹಕಾರ್ಯವು ವಿಜ್ಞಾನಕ್ಕೆ ಸಲ್ಲುವ ಸೇವೆಯೆಂದು ನಾವು ನಂಬಿದ್ದೇವೆ. ಆದರೆ ಅದಕ್ಕೆ ಒಂದು ನಿಬಂಧನೆಯುಂಟು. ಆ ನಿಬಂಧನೆ ಯಾವುದು, ಅದನ್ನು ಮೀರಿದರೆ ಆಗುವ ನಷ್ಟವೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ರೇಡಿಯೋ ಸುಲಭ, ಟೆಲಿವಿಷನ್ ಕಠಿನ

1947ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರ್ರೇ ಹಿಲ್‌ನಲ್ಲಿ, ಬೆಲ್ ಪ್ರಯೋಗಾಲಯದ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಎಂಬ ವಿಜ್ಞಾನಿಗಳು ಜರ್ಮೇನಿಯಂ ತುಣುಕೊಂದಕ್ಕೆ ಎರಡು ಚಿನ್ನದ ಸಂಪರ್ಕಗಳನ್ನು ಒತ್ತಿ ಹಿಡಿದು, ಕ್ಷೀಣವಾದ ವಿದ್ಯುತ್ ಸಂಕೇತವನ್ನು ಬಲಪಡಿಸಿ ತೋರಿಸಿದರು. ಅವರ ತಂಡದ ನಾಯಕರಾದ ವಿಲಿಯಂ ಶಾಕ್ಲಿ ಅದಕ್ಕಿಂತ ದೃಢವಾದ ಸಂಧಿ ಟ್ರಾನ್ಸಿಸ್ಟರಿನ ತತ್ತ್ವವನ್ನು 1948ರಲ್ಲಿ ರೂಪಿಸಿದರು. ಮೂವರಿಗೂ 1956ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಅದುವರೆಗೆ ಈ ಕೆಲಸವನ್ನು ಮಾಡುತ್ತಿದ್ದುದು ಗಾಜಿನ ವಾಲ್ವು. ವಾಲ್ವಿನೊಳಗಿನ ತಂತಿಯನ್ನು ಕಾಯಿಸಿದ ಹೊರತು ಎಲೆಕ್ಟ್ರಾನುಗಳು ಹೊರಡುವುದಿಲ್ಲ. ಕಾಯಿಸುವುದಕ್ಕೇ ಬಹಳಷ್ಟು ವಿದ್ಯುತ್ತು ವ್ಯಯವಾಗುತ್ತದೆ. ಟ್ರಾನ್ಸಿಸ್ಟರಿಗೆ ಕಾಯುವ ತಂತಿಯೇ ಇಲ್ಲ. ಚಿಕ್ಕ ಬ್ಯಾಟರಿಯಿಂದಲೇ ಅದು ಕೆಲಸ ಮಾಡಬಲ್ಲುದು. ಆದಕಾರಣ ಅದು ಮೊದಲು ರೇಡಿಯೋವನ್ನು ಹೊಕ್ಕಿತು. 1954ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೀಜೆನ್ಸಿ ಟಿಆರ್-1 ಎಂಬ ಜೇಬು ರೇಡಿಯೋದಲ್ಲಿ ಇದ್ದುದು ನಾಲ್ಕೇ ಟ್ರಾನ್ಸಿಸ್ಟರುಗಳು. ಮರುವರ್ಷ ಜಪಾನಿನ ಟೋಕಿಯೊ ತ್ಸುಶಿನ್ ಕೋಗ್ಯೊ ಎಂಬ ಸಂಸ್ಥೆ ತನ್ನ ಮೊದಲ ಟ್ರಾನ್ಸಿಸ್ಟರ್ ರೇಡಿಯೋವನ್ನು ಹೊರತಂದಿತು. 1958ರಲ್ಲಿ ಆ ಸಂಸ್ಥೆ ಹೆಸರು ಬದಲಿಸಿಕೊಂಡು ಸೋನಿ ಆಯಿತು.

ರೇಡಿಯೋ ಆಯಿತು, ಇನ್ನು ಟೆಲಿವಿಷನ್ ತಾನೆ ಎಂದು ತೋರಬಹುದು. ಆದರೆ ಇವೆರಡರ ನಡುವೆ ಮೂರು ಕಂದಕಗಳಿದ್ದವು.

ಮೊದಲನೆಯದು ವೇಗ. ಅಮೆರಿಕದ ಸಾಮಾನ್ಯ ರೇಡಿಯೋದ ವಿದ್ಯುತ್ ತರಂಗಗಳು ಸೆಕೆಂಡಿಗೆ ಸುಮಾರು 5 ಲಕ್ಷದಿಂದ 16 ಲಕ್ಷ ಸಲ ಕಂಪಿಸುತ್ತಿದ್ದವು. ಅಲ್ಲಿನ ಅಂದಿನ ವಿಎಚ್‌ಎಫ್ ಟೆಲಿವಿಷನ್ ತರಂಗಗಳಾದರೋ ಸೆಕೆಂಡಿಗೆ 5 ಕೋಟಿ 40 ಲಕ್ಷದಿಂದ ಮೊದಲಾಗಿ, ಮೇಲಣ ಕೊನೆಯಲ್ಲಿ 21 ಕೋಟಿ 60 ಲಕ್ಷವನ್ನು ಮುಟ್ಟುತ್ತಿದ್ದವು. ಆರಂಭದ ಟ್ರಾನ್ಸಿಸ್ಟರಿಗೆ ಆ ವೇಗದಲ್ಲಿ ಹೆಜ್ಜೆಹಾಕುವ ಶಕ್ತಿ ಇರಲಿಲ್ಲ. ಎಲೆಕ್ಟ್ರಾನುಗಳು ಅದರ ನಡುವಣ ಪದರವನ್ನು ದಾಟುವಷ್ಟರಲ್ಲಿ ಸಂಕೇತವೇ ಬದಲಾಗಿಬಿಡುತ್ತಿತ್ತು. ಪದರವನ್ನು ತೆಳುವಾಗಿಸಿದ ಹೊರತು ಬೇರೆ ದಾರಿಯಿರಲಿಲ್ಲ. ತೆಳುವಾದಷ್ಟೂ ತಯಾರಿಕೆ ಕಷ್ಟವಾಗುತ್ತಿತ್ತು.

ಎರಡನೆಯದು ಆಘಾತ. ಪಿಕ್ಚರ್ ಟ್ಯೂಬು ಎಂದು ನಾವು ಕರೆಯುವ ಚಿತ್ರನಳಿಕೆಯಲ್ಲಿ ಎಲೆಕ್ಟ್ರಾನುಗಳ ಒಂದು ಧಾರೆ ತೆರೆಯ ಮೇಲೆ ಎಡದಿಂದ ಬಲಕ್ಕೆ ಗೆರೆಯೆಳೆಯುತ್ತ ಹೋಗುತ್ತದೆ. ಅಮೆರಿಕ, ಜಪಾನುಗಳ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 525 ಗೆರೆಗಳು. ಸೆಕೆಂಡಿಗೆ 30 ಚಿತ್ರಗಳು. ಎಂದರೆ ಸೆಕೆಂಡಿಗೆ 15,750 ಗೆರೆಗಳು. ಸುರುಳಿಯೊಂದರಲ್ಲಿ ವಿದ್ಯುತ್ ಪ್ರವಾಹವನ್ನು ಮೆಲ್ಲಮೆಲ್ಲನೆ ಏರಿಸಿ ಧಾರೆಯನ್ನು ಬಲಕ್ಕೆ ಎಳೆಯಬೇಕು. ಅನಂತರ ಥಟ್ಟನೆ ಆ ಪ್ರವಾಹವನ್ನು ಕಡಿದು ಧಾರೆಯನ್ನು ಎಡಕ್ಕೆ ಮರಳಿಸಬೇಕು. ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಥಟ್ಟನೆ ಕಡಿದರೆ ಕಿಡಿ ಹಾರುವುದನ್ನು ಶಾಲೆಯ ಪ್ರಯೋಗಾಲಯದಲ್ಲಿ ನೀವು ಕಂಡಿರಬಹುದು. ಅಂಥ ಹೊಡೆತ ಸೆಕೆಂಡಿಗೆ 15,750 ಸಲ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. ವಾಲ್ವು ಇದನ್ನು ತಾಳಿಕೊಳ್ಳಬಲ್ಲುದು. ಎಳೆಯ ಟ್ರಾನ್ಸಿಸ್ಟರು ಒಂದೇ ಹೊಡೆತಕ್ಕೆ ಸಾಯಬಹುದು.

ಮೂರನೆಯದು ಶಾಖ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಉಷ್ಣತೆಯು ಸುಮಾರು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದಂತೆಲ್ಲ ಸೋರುವ ಪ್ರವಾಹ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸೋರಿಕೆಯಿಂದ ಶಾಖ, ಶಾಖದಿಂದ ಮತ್ತಷ್ಟು ಸೋರಿಕೆ. ಇದನ್ನು ತಡೆಯದಿದ್ದರೆ ಟ್ರಾನ್ಸಿಸ್ಟರು ತನ್ನ ಬೇಗೆಯಲ್ಲಿ ತಾನೇ ನಾಶವಾಗುತ್ತದೆ. ಚಿಕ್ಕ ಪೆಟ್ಟಿಗೆಯೊಳಗೆ ಹತ್ತಾರು ಟ್ರಾನ್ಸಿಸ್ಟರುಗಳನ್ನು ತುಂಬಿ, ಅವುಗಳಿಂದ ಚಿತ್ರನಳಿಕೆಯ ಭಾರವಾದ ಕೆಲಸವನ್ನು ಮಾಡಿಸುವಾಗ ಈ ಅಪಾಯ ಎಷ್ಟು ದೊಡ್ಡದೆಂಬುದನ್ನು ಊಹಿಸಿಕೊಳ್ಳಬಹುದು.

ಒಂದು ಪ್ರಶ್ನೆ, ಮೂರು ಉತ್ತರ

ಒಂದೇ ಪ್ರಶ್ನೆಗೆ ಮೂರು ಸಂಸ್ಥೆಗಳು ಮೂರು ಬಗೆಯ ಉತ್ತರಗಳನ್ನು ಕೊಟ್ಟುದು ಸ್ವಾರಸ್ಯವಾದ ಸಂಗತಿ.

ಅಮೆರಿಕದ ಫಿಲ್ಕೊ ಸಂಸ್ಥೆ ವೇಗದ ಟ್ರಾನ್ಸಿಸ್ಟರುಗಳ ತಯಾರಿಕೆಯಲ್ಲಿ ಮುಂದಿತ್ತು. 1953ರಲ್ಲಿಯೇ ಅದು ಸರ್ಫೇಸ್ ಬ್ಯಾರಿಯರ್ ಎಂಬ ಹೊಸ ಬಗೆಯ ಟ್ರಾನ್ಸಿಸ್ಟರನ್ನು ಪ್ರಕಟಿಸಿತ್ತು. 1959ರಲ್ಲಿ ಅದು 'ಸಫಾರಿ' ಎಂಬ ಟೆಲಿವಿಷನ್ನನ್ನು ಮಾರುಕಟ್ಟೆಗೆ ತಂದಿತು. ಇದರ ತೂಕ ಸುಮಾರು 15 ಪೌಂಡು, ಬೆಲೆ ಸುಮಾರು 250 ಡಾಲರು. ಬ್ಯಾಟರಿಯಿಂದ ನಡೆಯುವ ಈ ಸೆಟ್ಟಿನ ಚಿತ್ರನಳಿಕೆ ಕೇವಲ ಎರಡು ಅಂಗುಲದ್ದು. ನಳಿಕೆ ಚಿಕ್ಕದಾದಷ್ಟೂ ಧಾರೆಯನ್ನು ತಿರುಗಿಸುವ ಹೊರೆ ಹಗುರ. ಆದರೆ ಎರಡಂಗುಲದ ಚಿತ್ರವನ್ನು ನೋಡುವುದೆಂತು? ಅದಕ್ಕಾಗಿ ಕನ್ನಡಿಗಳ ಏರ್ಪಾಟಿನಿಂದ ಚಿತ್ರವನ್ನು ದೊಡ್ಡದಾಗಿ ಕಾಣಿಸಿದರು. ನೋಡುವವನು ಮುಸುಕಿನಂಥ ಕಿಂಡಿಯೊಳಗೆ ಇಣುಕಿದರೆ, ಭೂತಗನ್ನಡಿಯಲ್ಲಿ ಕಾಣುವಂತೆ ಒಂದು ಮಿಥ್ಯಾಬಿಂಬ ಕಾಣುತ್ತಿತ್ತು. ಎಂದರೆ ಎಲೆಕ್ಟ್ರಾನುಗಳಿಂದ ಆಗದ ಕೆಲಸವನ್ನು ಫಿಲ್ಕೊ ಬೆಳಕಿನ ಶಾಸ್ತ್ರದಿಂದ ಮಾಡಿಸಿಕೊಂಡಿತು.

ಮೋಟೊರೋಲ ಸಂಸ್ಥೆಯದು ಇನ್ನೊಂದು ದಾರಿ. 1960ರಲ್ಲಿ ಅದು ತಂದ 'ಅಸ್ಟ್ರೊನಾಟ್' ಎಂಬ ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ 19 ಅಂಗುಲದ ದೊಡ್ಡ ತೆರೆಯಿತ್ತು. ವಿದ್ಯುತ್ತನ್ನು ಮರಳಿ ತುಂಬಬಹುದಾದ ಬ್ಯಾಟರಿಯಿಂದ ನಡೆಯುತ್ತಿತ್ತು. ಇಲ್ಲಿ ಚಿತ್ರ ಕುಗ್ಗಲಿಲ್ಲ, ಭಾರ ಬೆಳೆಯಿತು.

ಸೋನಿ ಸಂಸ್ಥೆ ನೇರವಾದ ದಾರಿಯನ್ನೇ ಹಿಡಿಯಿತು. 1960ರ ಮೇ ತಿಂಗಳಲ್ಲಿ ಮಾರಾಟಕ್ಕೆ ಬಂದ ಅದರ ಟಿವಿ8-301 ಎಂಬ ಸೆಟ್ಟಿನಲ್ಲಿ ಎಂಟು ಅಂಗುಲದ ತೆರೆಯಿತ್ತು. ಕನ್ನಡಿಯಿಲ್ಲ, ಕಿಂಡಿಯಿಲ್ಲ, ಚಿತ್ರವನ್ನು ಕಣ್ಣಾರೆ ನೋಡಬಹುದಾಗಿತ್ತು. 23 ಟ್ರಾನ್ಸಿಸ್ಟರುಗಳು, ಸುಮಾರು 6 ಕಿಲೋಗ್ರಾಂ ತೂಕ, 69,800 ಯೆನ್ ಬೆಲೆ. ಈ ದಾರಿ ಹಿಡಿದುದರಿಂದ ಮೂರು ಕಂದಕಗಳನ್ನೂ ಟ್ರಾನ್ಸಿಸ್ಟರಿನಿಂದಲೇ ದಾಟಬೇಕಾಯಿತು. ಜರ್ಮೇನಿಯಂ ಜೊತೆಗೆ ಶಾಖವನ್ನು ಹೆಚ್ಚು ಸಹಿಸಬಲ್ಲ ಸಿಲಿಕಾನ್ ಟ್ರಾನ್ಸಿಸ್ಟರುಗಳನ್ನೂ ಅದರಲ್ಲಿ ಬಳಸಿದರು. ಆದರೂ ಸೆಟ್ಟು ಮೇಲಿಂದ ಮೇಲೆ ಕೆಡುತ್ತಿತ್ತು. ದುರ್ಬಲವಾದ ಕೂಸು ಎಂಬ ಅಡ್ಡಹೆಸರೂ ಅದಕ್ಕೆ ಬಂದಿತೆಂದು ಆ ಸಂಸ್ಥೆಯ ಚರಿತ್ರೆಯೇ ಒಪ್ಪಿಕೊಳ್ಳುತ್ತದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಸೋನಿ 1962ರಲ್ಲಿ ಐದು ಅಂಗುಲದ ತೆರೆಯ, 4 ಕಿಲೋಗ್ರಾಂಗಿಂತ ಕಡಿಮೆ ತೂಕದ 5-303 ಎಂಬ ಸೆಟ್ಟನ್ನು ತಂದಿತು. 1960ರಲ್ಲಿ ಬೆಲ್ ಪ್ರಯೋಗಾಲಯ ಪ್ರಕಟಿಸಿದ ಎಪಿಟ್ಯಾಕ್ಸಿ ವಿಧಾನ ಅಷ್ಟರಲ್ಲಿ ಬಳಕೆಗೆ ಬಂದಿತ್ತು. ಹರಳಿನ ಮೇಲೆ ಅದೇ ಹರಳಿನ ತೆಳುವಾದ ಪದರವನ್ನು ಬೆಳೆಸುವ ಈ ವಿಧಾನದಿಂದ, ವೇಗವನ್ನೂ ಹೊಡೆತವನ್ನೂ ಒಟ್ಟಿಗೆ ತಾಳುವ ಟ್ರಾನ್ಸಿಸ್ಟರುಗಳು ಸಾಧ್ಯವಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಈ ಪುಟ್ಟ ಸೆಟ್ಟು ಮಾರಾಟಕ್ಕೆ ಬಂದಾಗ ಜನರು ಮುಗಿಬಿದ್ದು ಕೊಂಡರು. ದುರ್ಬಲವಾದ ಕೂಸಿನ ತಮ್ಮ ಗಟ್ಟಿಗನಾಗಿದ್ದನು.

ವಿರಳತೆಯ ಕಾರಣ

ಈಗ ಒಂದು ಮಾತನ್ನು ಗಮನಿಸಬೇಕು. ಗೆದ್ದ ಯಂತ್ರಗಳು ರಾಶಿರಾಶಿಯಾಗಿ ತಯಾರಾಗುತ್ತವೆ. ಎಷ್ಟೇ ಹಾಳಾದರೂ ಕೆಲವು ಉಳಿದೇ ಉಳಿಯುತ್ತವೆ. ಸೋತ ಯಂತ್ರಗಳ ಸ್ಥಿತಿ ಹಾಗಲ್ಲ. ಅವು ತಯಾರಾಗುವುದೇ ಸ್ವಲ್ಪ. ಕೆಟ್ಟೊಡನೆ ಮೂಲೆ ಸೇರುತ್ತವೆ. ಬಿಡಿಭಾಗ ದೊರೆಯದೆ ಗುಜರಿಗೆ ಹೋಗುತ್ತವೆ. ತಯಾರಿಸಿದವರಿಗೂ ಅವನ್ನು ನೆನೆಯಲು ಉತ್ಸಾಹವಿರುವುದಿಲ್ಲ. ಹೀಗಾಗಿ ಆರಂಭದ ಟ್ರಾನ್ಸಿಸ್ಟರ್ ಟೆಲಿವಿಷನ್ನುಗಳ ವಿರಳತೆಯು ಬಹುಮಟ್ಟಿಗೆ ಅವುಗಳ ಸೋಲಿನ ಗುರುತೇ ಆಗಿದೆ. ಸಂಗ್ರಾಹಕನು ದುಬಾರಿ ಬೆಲೆ ತೆತ್ತು ಕೊಳ್ಳುತ್ತಿರುವುದು, ನಿಜವಾಗಿ ನೋಡಿದರೆ, ಒಂದು ಸೋಲಿನ ದಾಖಲೆಯನ್ನು.

ಇದು ಅವನಿಗೆ ಅಗೌರವದ ಮಾತಲ್ಲ. ಸೋಲಿನ ದಾಖಲೆಗಿಂತ ಬೆಲೆಬಾಳುವುದು ವಿಜ್ಞಾನದಲ್ಲಿ ಹೆಚ್ಚಿಲ್ಲ. ಟೋಕಿಯೊ ತ್ಸುಶಿನ್ ಕೋಗ್ಯೊ ಸಂಸ್ಥೆಯಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಅಲ್ಲಿ ಲಿಯೊ ಎಸಾಕಿ ಎಂಬ ಭೌತವಿಜ್ಞಾನಿ ಅನ್ಯವಸ್ತುಗಳನ್ನು ಅತಿಯಾಗಿ ಬೆರೆಸಿದ ಜರ್ಮೇನಿಯಂ ಸಂಧಿಗಳನ್ನು 1957ರಲ್ಲಿ ಪರೀಕ್ಷಿಸುತ್ತಿದ್ದರು. ವೋಲ್ಟೇಜನ್ನು ಏರಿಸಿದರೆ ಪ್ರವಾಹವೂ ಏರಬೇಕಷ್ಟೆ? ಒಂದು ಮಿತಿಯಲ್ಲಿ ಅದು ಏರುವುದಕ್ಕೆ ಬದಲಾಗಿ ಇಳಿಯಿತು. ಸರಕು ಕೆಟ್ಟದ್ದೆಂದು ಎಸೆಯಬಹುದಾಗಿತ್ತು. ಎಸಾಕಿ ಎಸೆಯಲಿಲ್ಲ, ಕಾರಣವನ್ನು ಹುಡುಕಿದರು. ಎಲೆಕ್ಟ್ರಾನುಗಳು ದಾಟಲಾಗದ ತಡೆಯನ್ನು ಸುರಂಗದಿಂದೆಂಬಂತೆ ನುಸುಳಿ ಹೋಗುವ ವಿದ್ಯಮಾನ ಅಲ್ಲಿ ಕಂಡುಬಂದಿತು. ಅದರ ಫಲವಾಗಿ ಟನಲ್ ಡಯೋಡ್ ಹುಟ್ಟಿತು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹೇಳಿದಂತೆ ನಡೆಯದ ವಸ್ತುವನ್ನು ಹಾಗೆಯೇ ಕಾಯ್ದಿಟ್ಟು ನೋಡಿದವನಿಗೆ ಪ್ರಕೃತಿ ಉತ್ತರ ಕೊಡುತ್ತದೆ.

ರಿಪೇರಿ ಮಾಡಬೇಕೆ, ಬೇಡವೆ?

ಇಲ್ಲಿಂದ ನಮ್ಮ ನಿಬಂಧನೆಯ ವಿಷಯಕ್ಕೆ ಬರೋಣ. ವಿರಳವಾದ ಸೆಟ್ಟೊಂದು ಸಂಗ್ರಾಹಕನ ಕೈಸೇರಿತೆನ್ನಿ. ಅದು ಸತ್ತುಬಿದ್ದಿದೆ. ಸಹಜವಾಗಿಯೇ ಅವನಿಗೆ ಅದನ್ನು ಬದುಕಿಸಬೇಕೆಂಬ ಆಸೆ. ಬೆಸುಗೆ ಕಡ್ಡಿಯನ್ನು ಹಿಡಿದು ಕುಳಿತು ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸವನ್ನು ಹಾಕುತ್ತಾನೆ. ಹಳೆಯ ಟ್ರಾನ್ಸಿಸ್ಟರುಗಳನ್ನು ತೆಗೆದು ಈಚಿನ ಸಿಲಿಕಾನ್ ಟ್ರಾನ್ಸಿಸ್ಟರುಗಳನ್ನು ಕೂಡಿಸುತ್ತಾನೆ. ಕಿತ್ತುದನ್ನು ಕಸದ ಬುಟ್ಟಿಗೆ ಹಾಕುತ್ತಾನೆ. ಸಂಜೆಯ ಹೊತ್ತಿಗೆ ತೆರೆಯ ಮೇಲೆ ಚಿತ್ರ ಮೂಡುತ್ತದೆ. ಅವನ ಸಂತೋಷ ನಮಗೂ ಅರ್ಥವಾಗುತ್ತದೆ.

ಆದರೆ ಆದದ್ದೇನು? 1960ರಲ್ಲಿ ಪದೇ ಪದೇ ಕೆಡುತ್ತಿದ್ದ ಯಂತ್ರ ಈಗ ಕೆಡದಂತಾಯಿತು. ಅದು ಅಂದು ಎಂದೂ ಇರದಿದ್ದ ಸ್ಥಿತಿ. ಹೊರಗಿನ ಪೆಟ್ಟಿಗೆ ಹಳೆಯದು, ಒಳಗಿನ ಜೀವ ಹೊಸದು. ಮುಂದೆಂದಾದರೂ ಒಬ್ಬ ವಿದ್ಯಾರ್ಥಿ 'ಆ ಮೊದಲ ಸೆಟ್ಟುಗಳು ಏಕೆ ಸೋತವು?' ಎಂದು ಕೇಳಿ ಮುಚ್ಚಳ ತೆರೆದರೆ, ಉತ್ತರ ಹೇಳಬೇಕಾಗಿದ್ದ ಟ್ರಾನ್ಸಿಸ್ಟರು ಅಲ್ಲಿರುವುದಿಲ್ಲ. ಯಂತ್ರವು ನಡೆಯುತ್ತದೆ, ಆದರೆ ಸುಳ್ಳು ಹೇಳುತ್ತದೆ.

ಹಳೆಯ ಬಿಡಿಭಾಗಕ್ಕೆ ಇನ್ನೂ ಒಂದು ಬೆಲೆಯುಂಟು. ಯೂರೋಪಿನ 1960ರ ದಶಕದ ರೇಡಿಯೋಗಳಲ್ಲಿ ವಿಶೇಷವಾಗಿ ಬಳಕೆಯಾದ ಎಎಫ್ 114ರಿಂದ ಎಎಫ್ 117ರವರೆಗಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತೆಗೆದುಕೊಳ್ಳಿ. ಇವುಗಳ ಲೋಹದ ಕವಚದೊಳಗೆ ವರ್ಷಗಳು ಕಳೆದಂತೆ ತವರದ ಕೂದಲಿನಂಥ ಎಳೆಗಳು ತಾವಾಗಿ ಬೆಳೆಯುತ್ತವೆ. ಕೊನೆಗೆ ಒಳಗಿನ ತಂತಿಯನ್ನು ಮುಟ್ಟಿ ಟ್ರಾನ್ಸಿಸ್ಟರನ್ನು ನಿರುಪಯುಕ್ತಗೊಳಿಸುತ್ತವೆ. ಇದು ಹಳೆಯ ರೇಡಿಯೋದವರ ತಲೆನೋವು ಮಾತ್ರವಲ್ಲ. 1998ರಲ್ಲಿ ಗ್ಯಾಲಕ್ಸಿ 4 ಎಂಬ ಸಂಪರ್ಕ ಉಪಗ್ರಹ ಕೆಟ್ಟುಹೋದುದಕ್ಕೂ ತವರದ ಇಂಥ ಎಳೆಯೇ ಕಾರಣವೆಂದು ತಜ್ಞರು ನಿರ್ಣಯಿಸಿದರು. ಅರುವತ್ತು ವರ್ಷಗಳಲ್ಲಿ ಲೋಹ ಹೇಗೆ ವರ್ತಿಸುತ್ತದೆಂಬುದನ್ನು ತಿಳಿಯಬೇಕಾದರೆ ಅರುವತ್ತು ವರ್ಷಗಳ ಕಾಲ ಇಟ್ಟ ಲೋಹವೇ ಬೇಕು. ಪ್ರಯೋಗಾಲಯದಲ್ಲಿ ಕಾಲವನ್ನು ಕೊಂಡುತರುವಂತಿಲ್ಲ. ಅಟ್ಟದ ಮೇಲೆ ಮರೆತುಬಿಟ್ಟ ಹಳೆಯ ಸೆಟ್ಟಿನಲ್ಲಿ ಆ ಪ್ರಯೋಗ ತಾನಾಗಿ ನಡೆದಿದೆ. ಕಿತ್ತ ಬಿಡಿಭಾಗವನ್ನು ಬುಟ್ಟಿಗೆ ಹಾಕಿದ ಸಂಗ್ರಾಹಕನು ಅರುವತ್ತು ವರ್ಷದ ಪ್ರಯೋಗವೊಂದರ ಫಲವನ್ನು ಬುಟ್ಟಿಗೆ ಹಾಕಿದನೆಂದೇ ಹೇಳಬೇಕು.

ಇದಕ್ಕೆ ಎದುರುವಾದವೂ ಉಂಟು. ಅದನ್ನು ಕಡೆಗಣಿಸುವುದು ನ್ಯಾಯವಲ್ಲ. 'ಚಿತ್ರ ತೋರಿಸದ ಟೆಲಿವಿಷನ್ ಬರಿಯ ಡಬ್ಬ. ನಡೆಸದೆ ಇಟ್ಟ ಯಂತ್ರವೂ ಕೆಡುತ್ತದೆ. ನಡೆಸಿ ನೋಡಿದವನಿಗಲ್ಲದೆ ಅದರ ಗುಣದೋಷಗಳು ತಿಳಿಯವು. ಕೈಗೆಲಸ ಬಲ್ಲ ಹಿರಿಯರು ಕಣ್ಮರೆಯಾಗುವ ಮುನ್ನ ಕಿರಿಯರು ರಿಪೇರಿ ಮಾಡುತ್ತಲೇ ಆ ವಿದ್ಯೆಯನ್ನು ಕಲಿಯಬೇಕು' ಎಂದು ಹಲವರು ವಾದಿಸುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಗಾಜಿನ ಕಪಾಟಿನಲ್ಲಿಟ್ಟ ಸೆಟ್ಟಿನಿಂದ ಅದರ ಚಿತ್ರ ಎಷ್ಟು ಮಸುಕು, ಸಫಾರಿಯ ಕಿಂಡಿಯೊಳಗೆ ಇಣುಕುವುದು ಎಷ್ಟು ಅನುಕೂಲ ಅಥವಾ ಅನನುಕೂಲ ಎಂಬುದು ಗೊತ್ತಾಗದು. ಅದನ್ನು ಕಾಣುವುದಕ್ಕೆ ಈಗ ಮತ್ತೊಂದು ತೊಡಕೂ ಇದೆ. ಅಮೆರಿಕದ ಮುಖ್ಯ ಕೇಂದ್ರಗಳು 2009ರ ಜೂನ್ 12ರಂದು ಹಳೆಯ ಅನಲಾಗ್ ಪದ್ಧತಿಯ ಪ್ರಸಾರವನ್ನು ನಿಲ್ಲಿಸಿದವು. ಜಪಾನಿನ ಬಹುಭಾಗದಲ್ಲಿ 2011ರ ಜುಲೈ 24ರಂದು ಅದು ನಿಂತಿತು. ಈಗ ಸೆಟ್ಟನ್ನು ಎಷ್ಟು ಚೆನ್ನಾಗಿ ಸರಿಪಡಿಸಿದರೂ ಆಂಟೆನಾ ಎತ್ತಿದ ಮಾತ್ರಕ್ಕೆ ಹಿಂದಿನಂತೆ ಚಿತ್ರ ಬಾರದು. ಹಳೆಯ ಬಗೆಯ ಸಂಕೇತವನ್ನು ಮನೆಯಲ್ಲಿಯೇ ಉತ್ಪಾದಿಸುವ ಉಪಕರಣವೊಂದನ್ನು ಅದಕ್ಕೆ ಜೋಡಿಸಬೇಕು.

ಎರಡು ಪಕ್ಷಗಳನ್ನೂ ತೂಗಿನೋಡಿ ನಾವು ತಳೆದಿರುವ ಅಭಿಪ್ರಾಯ ಇದು. ಹತ್ತಾರು ಸಾವಿರ ತಯಾರಾಗಿ, ಇಂದಿಗೂ ಅಲ್ಲಲ್ಲಿ ದೊರೆಯುವ ಮಾದರಿಯಾದರೆ ಅದನ್ನು ಸರಿಪಡಿಸಿ ನಡೆಸಲಿ. ಕಲಿಯುವವರು ಅದರ ಮೇಲೆಯೇ ಕಲಿಯಲಿ. ಬೆರಳೆಣಿಕೆಯಷ್ಟು ಉಳಿದಿರುವ ಮಾದರಿಯಾದರೆ ಅದನ್ನು ಇದ್ದಂತೆಯೇ ಇರಗೊಡಬೇಕು. ನಡೆಸಲೇಬೇಕೆಂಬ ಬಲವಾದ ಕಾರಣವಿದ್ದರೆ ಮೂರು ನಿಯಮಗಳನ್ನು ಮೀರಬಾರದು. ಒಂದು, ಅತ್ಯವಶ್ಯವಾದುದನ್ನು ಮಾತ್ರ ಬದಲಿಸಬೇಕು. ಒಣಗಿದ ಕಂಡೆನ್ಸರು ಬದಲಾಗಬಹುದು, ಜೀವಂತವಾಗಿರುವ ಟ್ರಾನ್ಸಿಸ್ಟರು ಬದಲಾಗಬಾರದು. ಎರಡು, ಮಾಡಿದ ಬದಲಾವಣೆಯನ್ನು ಮತ್ತೆ ಹಿಂದಿನಂತೆ ಮಾಡಲು ಸಾಧ್ಯವಿರಬೇಕು. ಮೂರು, ಕಿತ್ತ ಪ್ರತಿಯೊಂದು ಭಾಗವನ್ನೂ ಲಕೋಟೆಯಲ್ಲಿ ಹಾಕಿ, ಅದು ಎಲ್ಲಿತ್ತು, ಎಂದು ತೆಗೆದೆವು, ಏಕೆ ತೆಗೆದೆವು ಎಂಬುದನ್ನು ಬರೆದು, ಸೆಟ್ಟಿನೊಡನೆಯೇ ಇಡಬೇಕು. ಇದೇ ನಾವು ಹೇಳಿದ ನಿಬಂಧನೆ: ಯಂತ್ರದ ಸೋಲನ್ನು ಅಳಿಸದೆ ಕಾಯುವುದು.

ಕಾಗದವೂ ಯಂತ್ರವೇ

ಸಂಗ್ರಹವೆಂದರೆ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವುದೆಂಬ ಭಾವನೆಯೂ ತಿದ್ದಿಕೊಳ್ಳತಕ್ಕದ್ದು. ಸರ್ಕಿಟ್ಟಿನ ನಕ್ಷೆಯಿಲ್ಲದ ಸೆಟ್ಟು ವ್ಯಾಕರಣ ತಿಳಿಯದ ಭಾಷೆಯಂತೆ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಹೋವರ್ಡ್ ಸ್ಯಾಮ್ಸ್ ಸಂಸ್ಥೆ 1946ರಿಂದ 'ಫೋಟೊಫ್ಯಾಕ್ಟ್' ಎಂಬ ಹೆಸರಿನಲ್ಲಿ ರೇಡಿಯೋ ಮತ್ತು ಟೆಲಿವಿಷನ್ ಸೆಟ್ಟುಗಳ ನಕ್ಷೆ, ಛಾಯಾಚಿತ್ರ ಮತ್ತು ಬಿಡಿಭಾಗಗಳ ಪಟ್ಟಿಗಳನ್ನು ರಿಪೇರಿಯವರಿಗಾಗಿ ಪ್ರಕಟಿಸುತ್ತ ಬಂದಿತು. ಅಂದು ಅಂಗಡಿಯ ಎಣ್ಣೆ ಕೈಗಳಲ್ಲಿ ಓಡಾಡಿದ ಆ ಹಾಳೆಗಳೇ ಇಂದು ಆ ಯಂತ್ರಗಳನ್ನು ಓದುವ ಕೀಲಿಕೈ. ಒಂದು ಸೆಟ್ಟನ್ನೂ ಕೊಳ್ಳಲಾರದ ಬಡ ವಿದ್ಯಾರ್ಥಿ ಹಳೆಯ ನಕ್ಷೆಗಳನ್ನೂ, ಬಳಕೆಯ ಕೈಪಿಡಿಗಳನ್ನೂ, ಅಂಗಡಿಯ ಜಾಹೀರಾತುಗಳನ್ನೂ ಕೂಡಿಟ್ಟರೆ ಅವನ ಸಂಗ್ರಹ ಶ್ರೀಮಂತನ ಕಪಾಟಿಗಿಂತ ಕೀಳಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಹಳೆಯ ಟೆಲಿವಿಷನ್ನಿನ ಮುಚ್ಚಳವನ್ನು ವಿದ್ಯಾರ್ಥಿಗಳು ತಾವಾಗಿ ತೆರೆಯಕೂಡದು. ಬ್ಯಾಟರಿಯಿಂದ ನಡೆಯುವ ಸೆಟ್ಟಿನಲ್ಲಿಯೂ ಚಿತ್ರನಳಿಕೆಗೆ ಸಾವಿರಾರು ವೋಲ್ಟುಗಳ ಒತ್ತಡ ಬೇಕಾಗುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಅದು ಬಹಳ ಹೊತ್ತು ಉಳಿದಿರಬಹುದು. ನಳಿಕೆಯೊಳಗೆ ಗಾಳಿಯಿಲ್ಲದಿರುವುದರಿಂದ ಪೆಟ್ಟು ತಗಲಿದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯುತ್ತವೆ. ಅನುಭವಿಯಾದ ರಿಪೇರಿಯವರು ಪಕ್ಕದಲ್ಲಿ ಇರದೆ ಈ ಕೆಲಸಕ್ಕೆ ಕೈ ಹಾಕುವುದು ಸಾಹಸವಲ್ಲ, ಅವಿವೇಕ.

ನಮ್ಮ ಅಟ್ಟಗಳಲ್ಲಿ

ಸಫಾರಿಯನ್ನಾಗಲಿ ಸೋನಿಯ ಆ ದುರ್ಬಲ ಕೂಸನ್ನಾಗಲಿ ನಮ್ಮ ಓದುಗರಲ್ಲಿ ಹೆಚ್ಚಿನವರು ಎಂದೂ ಕೈಯಲ್ಲಿ ಹಿಡಿಯಲಾರರು. ಹಾಗೆಂದು ಈ ವಿಚಾರ ನಮಗೆ ಸಂಬಂಧಿಸಿದ್ದಲ್ಲವೆನ್ನಲಾಗದು. ಸಫಾರಿ ಅಂಗಡಿಗೆ ಬಂದ 1959ರಲ್ಲಿಯೇ, ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ ಭಾರತದ ಮೊದಲ ಪ್ರಾಯೋಗಿಕ ಟೆಲಿವಿಷನ್ ಪ್ರಸಾರ ನಡೆಯಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಶೈಕ್ಷಣಿಕ ಟೆಲಿವಿಷನ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸೆಟ್ಟುಗಳು ಬಂದವು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರು ಅಗಲದ ಆಂಟೆನಾಗಳು ಅಲ್ಲಿ ಆಕಾಶದ ಕಡೆ ಮುಖಮಾಡಿ ನಿಂತಿದ್ದವು.

ಅಂಥ ಒಂದು ಆಂಟೆನಾದ ಚೌಕಟ್ಟೋ, ಸೆಟ್ಟಿನ ಪೆಟ್ಟಿಗೆಯೋ ಯಾವುದಾದರೂ ಶಾಲೆಯ ಉಗ್ರಾಣದಲ್ಲಿ ಉಳಿದಿದ್ದರೆ ಅದರ ಬೆಲೆ ಗುಜರಿಯ ತಕ್ಕಡಿಯಲ್ಲಿ ತೂಗುವಂಥದ್ದಲ್ಲ. ಅಜ್ಜ ಮದುವೆಯ ಹೊಸತರಲ್ಲಿ ಕೊಂಡ ಟ್ರಾನ್ಸಿಸ್ಟರ್ ರೇಡಿಯೋ ಅಟ್ಟದ ಮೇಲೆ ಬಿದ್ದಿದ್ದರೆ ಅದರ ವಿಷಯದಲ್ಲಿಯೂ ಇದೇ ಮಾತು. ಅದನ್ನು ಕೆಳಗಿಳಿಸಿ ಧೂಳು ಒರೆಸಿ. ಬ್ಯಾಟರಿ ಒಳಗೇ ಉಳಿದು ಸೋರಿದ್ದರೆ ಹಿರಿಯರ ಸಹಾಯದಿಂದ ಎಚ್ಚರಿಕೆಯಿಂದ ತೆಗೆದುಬಿಡಿ. ಅಷ್ಟನ್ನು ಮಾತ್ರ ತೆಗೆಯಿರಿ. ಅದರ ಮೇಲಿರುವ ಅಂಕೆ, ಹೆಸರುಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಯಾರು, ಎಂದು, ಎಷ್ಟು ರೂಪಾಯಿಗೆ ಕೊಂಡರು, ಎಷ್ಟು ಸಲ ಕೆಟ್ಟಿತು, ಯಾವ ಊರಿನಲ್ಲಿ ರಿಪೇರಿಯಾಯಿತು, ಕೊನೆಗೆ ಏಕೆ ಮೂಲೆ ಸೇರಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ. ಹೇಳುವವರು ಇರುವಾಗಲೇ ಕೇಳಿರಿ. ಯಂತ್ರ ಇನ್ನೂ ಐವತ್ತು ವರ್ಷ ಕಾದೀತು. ಅದರ ಕತೆ ಬಲ್ಲವರು ಅಷ್ಟು ಕಾಲ ಕಾಯುವಂತಿಲ್ಲ.

ಗೆದ್ದವರ ಚರಿತ್ರೆಯನ್ನು ಬರೆಯುವುದಕ್ಕೆ ಜನರುಂಟು. ಟ್ರಾನ್ಸಿಸ್ಟರು ಟೆಲಿವಿಷನ್ನನ್ನು ಗೆದ್ದ ಕತೆ ಎಲ್ಲ ಪುಸ್ತಕಗಳಲ್ಲಿಯೂ ದೊರೆಯುತ್ತದೆ. ಗೆಲ್ಲುವ ಮೊದಲು ಅದು ಎಲ್ಲೆಲ್ಲಿ ಎಡವಿತು, ಯಾವ ಯಾವ ಉಪಾಯಗಳಿಂದ ಎದ್ದು ನಿಂತಿತು ಎಂಬುದು ಆ ಕೆಲವೇ ಹಳೆಯ ಪೆಟ್ಟಿಗೆಗಳೊಳಗೆ, ಅಂದು ಹಾಕಿದ ಬೆಸುಗೆಯಲ್ಲಿ, ಸೋತ ಟ್ರಾನ್ಸಿಸ್ಟರುಗಳಲ್ಲಿ ಮಾತ್ರ ಉಳಿದಿದೆ. ಮುಂದೆ ಹೊಸ ಯಂತ್ರಗಳನ್ನು ಕಟ್ಟಲಿರುವ ವಿದ್ಯಾರ್ಥಿಗಳು ಎಡವಿದ ಆ ಹೆಜ್ಜೆಗಳನ್ನೂ ಕಾಣಬೇಕು. ಆದಕಾರಣ ಅವನ್ನು ಕಾಯ್ದಿಡುವವರು ಸೋಲನ್ನು ಸೋಲಾಗಿಯೇ ಕಾಯ್ದಿಡಲೆಂದು ನಾವು ಕೇಳಿಕೊಳ್ಳುತ್ತೇವೆ.